ಮಠಕ್ಕೆ ಹೋದ ಲೀಸಮ್ಮ

ನನ್ನ ಹತ್ತಿರ ಒಂದು ಕಥೆ ಇತ್ತು. ಅದನ್ನು ನಾನು ಬಹಳ ವರ್ಷ ಅರ್ಧ ಮಾತ್ರ ಹೇಳಿಕೊಂಡು ಬಂದೆ. ಉಳಿದರ್ಧವನ್ನು ಯಾರ ಮುಂದೆಯೂ ಬಿಚ್ಚಲಿಲ್ಲ. ಮೂವತ್ತಾರು ವರ್ಷ ಟೀಚರಾಗಿ, "ಉತ್ತರ ಪೂರ್ತಿ ಬರೀರಿ, ಅರ್ಧಕ್ಕೆ ಮಾರ್ಕ್ಸ್ ಇಲ್ಲ" ಎಂದು ಮಕ್ಕಳನ್ನು ಗದರಿಸಿದವಳು ನಾನು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಬಸವೇಶ್ವರನಗರದಲ್ಲಿ ರೇವಣಸಿದ್ದಪ್ಪನವರ ಮನೆಯ ಕೆಳಗಿನ ಪೋರ್ಷನ್ನಿಗೆ ನಾನೂ ನನ್ನ ಯಜಮಾನರು ಆನಂದ್ ಅವರೂ ಬಾಡಿಗೆಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಆನಂದ್ ಹೋಗಿ ಏಳು ವರ್ಷ. ಮಕ್ಕಳಿಲ್ಲ. ಮನೆ ತೋರಿಸಿದ ಬ್ರೋಕರ್ ನಾಣಿ ಬೀಗದ ಕೈ ಕೊಡುವಾಗ ನನ್ನನ್ನು ಗೇಟಿನ ಪಕ್ಕಕ್ಕೆ ಕರೆದು, "ಟೀಚರ್, ಮೇಲಿನವ್ರು ಲಿಂಗಾಯಿತ್ರು, ಪೂಜೆಗೀಜೆ ಜಾಸ್ತಿ. ಒಳ್ಳೆ ಜನ. ನೀವು ಏಸು ವಿಷ್ಯ ಮಾತ್ರ ಎತ್ಬೇಡಿ, ಆಯ್ತಾ? ಮನೆ ನಿಮ್ದೇ ಅಂದ್ಕೊಳಿ" ಎಂದಿದ್ದ. ಅದಕ್ಕೆ ಮುಂಚೆ ನಾಲ್ಕು ಮನೆಯವರು ನನ್ನ ಎಸ್ತರ್ ಎಂಬ ಹೆಸರು ಕೇಳುತ್ತಲೇ "ಈಗ್ತಾನೆ ಬೇರೆಯೋರಿಗೆ ಕೊಟ್ವಿ" ಎಂದಿದ್ದರು. ಹಾಗಾಗಿ ನಾಣಿಯ ಮಾತನ್ನು ನಾನು ಬೈಬಲ್ಲಿನ ಹತ್ತರ ಜೊತೆಗೆ ಹನ್ನೊಂದನೆಯ ಆಜ್ಞೆಯಂತೆ ಪಾಲಿಸಿದೆ.

ಏಸುವಿನ ವಿಷಯ ಎತ್ತಲಿಲ್ಲ. ಕ್ರಿಸ್ಮಸ್ಸಿಗೆ ಮಾತ್ರ ಮೇಲಿನ ಮನೆಗೆಂದು ಬೇರೆ ಪಾತ್ರೆಯಲ್ಲಿ ಮೊಟ್ಟೆ ಹಾಕದ ಕೇಕ್ ಮಾಡಿ, ಹೊಸ ಸ್ಟೀಲ್ ತಟ್ಟೆಯಲ್ಲಿಟ್ಟು, ಕ್ರೋಶೆ ಬಟ್ಟೆ ಮುಚ್ಚಿ ಕೊಟ್ಟು ಬರುತ್ತಿದ್ದೆ. ರೇವಣಸಿದ್ದಪ್ಪನವರ ಹೆಂಡತಿ ಬಸವರಾಜೇಶ್ವರಿ, ನಾನು ರಾಜಕ್ಕ ಎನ್ನುತ್ತೇನೆ, ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡು, "ಅಯ್ಯೋ, ಇಷ್ಟೊಂದು ಯಾಕೆ ಎಸ್ತರ್" ಎನ್ನುತ್ತಿದ್ದರು. ಮರುದಿನ ಎರಡೂ ಮನೆಯ ಕೆಲಸಕ್ಕೆ ಬರುವ ರಾಮಕ್ಕ ನನ್ನ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಾ, "ಕೇಕು ಬೋ ಚೆನ್ನಾಗಿತ್ತು ಟೀಚರ್, ಮೊಮ್ಮಕ್ಳು ಜಗಳ ಆಡ್ಕೊಂಡು ತಿಂದ್ವು" ಎನ್ನುತ್ತಿದ್ದಳು. ಹದಿನೆಂಟು ಕ್ರಿಸ್ಮಸ್, ಹದಿನೆಂಟು ಕೇಕ್, ಎಲ್ಲವೂ ರಾಮಕ್ಕನ ಮನೆಗೆ. ನನಗೆ ಸಿಟ್ಟು ಬರುತ್ತಿತ್ತು. ಆದರೂ ಮರುವರ್ಷ ಮತ್ತೆ ಮಾಡುತ್ತಿದ್ದೆ.

ಅತ್ತ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಮಿಷನ್ ಭಾನುವಾರ ಎಂದು ಮಾಡುತ್ತೇವೆ. ಅವತ್ತು ಹಳೆಯ ಮಿಷನರಿಗಳನ್ನು ನೆನೆದು ಯಾರಾದರೂ ಎದ್ದು ಸಾಕ್ಷಿ, ಅಂದರೆ ದೇವರು ತಮ್ಮ ಬಾಳಿನಲ್ಲಿ ನಡೆಸಿದ್ದನ್ನು, ಹೇಳಬೇಕು. ಬಹಳ ವರ್ಷಗಳಿಂದ ಆ ಯಾರಾದರೂ ನಾನೇ. ನಮ್ಮ ಅಜ್ಜಿ ಮುತ್ತವ್ವನ ಕಥೆ: ಗದಗದ ಕಡೆಯ ಹಳ್ಳಿ, ನೂರು ವರ್ಷದ ಹಿಂದಿನ ಜ್ವರದ ವರ್ಷ, ತಂದೆತಾಯಿ ಇಬ್ಬರೂ ಒಂದೇ ವಾರದಲ್ಲಿ ಸತ್ತ ಮನೆ, ಬಾಗಿಲು ತಳ್ಳಿ ಒಳಗೆ ಬಂದ ಲೂಯಿಸಾ ಎಂಬ ಬಿಳಿಯ ಹೆಂಗಸು. ಊರವರ ಬಾಯಲ್ಲಿ ಆಕೆ ಲೀಸಮ್ಮ. ಏಳು ವರ್ಷದ ಮುತ್ತವ್ವನನ್ನು ಎತ್ತಿಕೊಂಡು ಹೋಗಿ ಉಳಿಸಿದಳು, ಓದಿಸಿದಳು, ಮುತ್ತವ್ವ ನಂಬಿದಳು, ಆಮೆನ್. ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಪಾಸ್ಟರ್ ತಲೆಯಾಡಿಸುತ್ತಿದ್ದರು. ನಡುವಿನ ಒಂದು ಸಂಗತಿಯನ್ನು ನಾನು ನುಂಗಿಬಿಡುತ್ತಿದ್ದೆ. ಅದನ್ನು ಚರ್ಚಿನಲ್ಲಿ ಹೇಳಿದರೆ, ಮಿಷನರಿ ಮಾಡುವಂಥ ಕೆಲಸವೇ ಇದು? ಎಂದಾರು. ಮೇಲಿನ ಮನೆಯಲ್ಲಿ ಹೇಳಿದರೆ, ಓಹೋ ನಮ್ಮ ಹುಡುಗಿಯನ್ನೇ ಒಯ್ದರೋ ಎಂದಾರು. ಅತ್ತ ದರಿ, ಇತ್ತ ಪುಲಿ.

ಹೋದ ಅಕ್ಟೋಬರಿನಲ್ಲಿ ರೇವಣಸಿದ್ದಪ್ಪನವರಿಗೆ ಒಂದು ವಾರ ತಲೆಸುತ್ತು. ವಯಸ್ಸು ಎಪ್ಪತ್ತಾರು, ಜೊತೆಗೆ ಸಕ್ಕರೆ ಕಾಯಿಲೆ. ತಲೆಯ ಸ್ಕ್ಯಾನ್ ಮಾಡಿಸಿ ಎಂದರು ಡಾಕ್ಟರು. ಮಗ ಕಲ್ಮೇಶ್ ಆಫೀಸಿನ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಿದ್ದ. ಗಂಡ ಹೆಂಡತಿ ಇಬ್ಬರೇ ಬೆಳಿಗ್ಗೆ ಏಳಕ್ಕೆ ಆಟೋ ಹಿಡಿದು ಸ್ಕ್ಯಾನ್ ಸೆಂಟರಿಗೆ ಹೋದರು. ಸ್ಕ್ಯಾನ್ ಯಂತ್ರದೊಳಗೆ ಮೈಮೇಲೆ ಲೋಹ ಇರಬಾರದು. ಹಾಗಾಗಿ ಅವರು ಎಂಟನೆಯ ವಯಸ್ಸಿನಿಂದ ಎದೆಯ ಮೇಲಿದ್ದ ಇಷ್ಟಲಿಂಗವನ್ನು, ಅದರ ಬೆಳ್ಳಿಯ ಕರಡಿಗೆ ಸಮೇತ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟರು. ರಾಜಕ್ಕನ ಹೆಗಲಲ್ಲಿದ್ದದ್ದು ಚರ್ಮದ ಬ್ಯಾಗು. ಲಿಂಗವನ್ನು ಚರ್ಮದ ಬ್ಯಾಗಿನಲ್ಲಿ ಇಡುವುದುಂಟೇ? ಮನೆಯಿಂದ ಒಂದು ಖಾಲಿ ಸ್ಟೀಲ್ ಡಬ್ಬಿಯನ್ನು ತೊಳೆದು ಒರೆಸಿ ತಂದಿದ್ದರು. ಅದರಲ್ಲಿ ಬಿಳಿ ಬಟ್ಟೆ ಹಾಸಿ ಲಿಂಗವನ್ನಿಟ್ಟು, ಮುಚ್ಚಳ ಹಾಕಿ, ಶುದ್ಧವಾಗಿರಲಿ ಎಂದು ಪಕ್ಕದ ಖಾಲಿ ಕುರ್ಚಿಯ ಮೇಲಿಟ್ಟರು. ಅವರಿಗೆ ಹೊಳೆಯದಿದ್ದ ಸಂಗತಿ ಒಂದೇ. ಬೆಳಿಗ್ಗೆ ಎಂಟು ಗಂಟೆಗೆ ಆ ವರಾಂಡದಲ್ಲಿ ಕೂತ ಪ್ರತಿಯೊಬ್ಬರ ಪಕ್ಕದಲ್ಲೂ ಅಂಥದೇ ಒಂದು ಸ್ಟೀಲ್ ಡಬ್ಬಿ ಇತ್ತು.

ರಾಜಕ್ಕ ಎದ್ದು ಗಂಡನನ್ನು ಕೈಹಿಡಿದು ಹೊರಗೆ ಕರೆತರುವಷ್ಟರಲ್ಲಿ ಡಬ್ಬಿ ಇರಲಿಲ್ಲ. ಅದರ ಜಾಗದಲ್ಲಿ ಬೇರೊಂದು ಡಬ್ಬಿ ಇತ್ತು. ಅದರೊಳಗೆ ಎರಡು ಇಡ್ಲಿ, ಚಟ್ನಿ.

ಅಲ್ಲೆಲ್ಲ ವಿಚಾರಿಸಿದರೂ ತಮ್ಮ ಡಬ್ಬಿ ಸಿಗಲಿಲ್ಲ. ಹನ್ನೊಂದು ಗಂಟೆಗೆ ಅವರ ಆಟೋ ಮನೆಯ ಮುಂದೆ ನಿಂತಾಗ ನಾನು ಗೇಟಿನಲ್ಲೇ ಇದ್ದೆ. "ಸ್ಕ್ಯಾನ್ ಏನಾಯ್ತು ಸಾರ್?" ಎಂದು ಕೇಳಿದೆ. ಅವರು ನೇರವಾಗಿ ಮೆಟ್ಟಿಲು ಹತ್ತಿ ಹೋದರು. ರಾಜಕ್ಕ ನನ್ನ ಬಾಗಿಲಲ್ಲೇ ಕುಸಿದು ಕೂತು ನಡೆದದ್ದನ್ನೆಲ್ಲ ಹೇಳಿದರು. "ತಲೇಲಿ ಏನೂ ಇಲ್ವಂತೆ, ಸರಿಯಾಗಿದೆಯಂತೆ. ಆದ್ರೆ ಇವ್ರು ನೀರು ಕೂಡ ಮುಟ್ತಾ ಇಲ್ಲ ಎಸ್ತರ್. ಲಿಂಗಪೂಜೆ ಮಾಡ್ದೆ ಅರವತ್ತೆಂಟು ವರ್ಷದಲ್ಲಿ ಒಂದಿನ ಉಂಡೋರಲ್ಲ. ಮಾತ್ರೇನೂ ನುಂಗಲ್ಲ ಅಂತಾರೆ. ಎಲ್ಲಾ ನನ್ನ ಈ ಹಾಳು ಕೈಯಿಂದ ಆಯ್ತು."

ಅವರ ಕೈ ಹಾಳಾದದ್ದಲ್ಲ. ಆನಂದ್ ಹೋದ ದಿನ ನನ್ನನ್ನು ಹಿಡಿದು ಕೂರಿಸಿದ್ದು ಅದೇ ಕೈ. ಆದರೆ ಆ ಹೊತ್ತಿನಲ್ಲಿ ಇಂಥದ್ದನ್ನು ಹೇಳಿದರೆ ಅವರು ಇನ್ನೂ ಜೋರಾಗಿ ಅಳುತ್ತಿದ್ದರು. ಹಾಗಾಗಿ ಮುಂದೇನು ಎಂದು ಕೇಳಿದೆ.

ಅವರ ಮಠದ ಸ್ವಾಮಿಗಳು ಯಾವುದೋ ಸಮಾರಂಭಕ್ಕೆ ದಾವಣಗೆರೆಗೆ ಹೋಗಿದ್ದರು. ಕಲ್ಮೇಶ್ ಹೊರಟರೂ ಬರುವುದು ರಾತ್ರಿಯೇ. ಮನೆಯ ಪೂಜೆಗಳಿಗೆ ಬರುವ ಒಬ್ಬ ಅಯ್ನೋರು ಸುಂಕದಕಟ್ಟೆಯಲ್ಲಿದ್ದಾರೆ, ಹೊಸ ಲಿಂಗ ಕಟ್ಟಬಲ್ಲರು, ಆದರೆ ಫೋನ್ ಸ್ವಿಚ್ ಆಫ್. ಡಾಕ್ಟರಿಗೆ ಫೋನ್ ಮಾಡಿದರೆ, ಮಧ್ಯಾಹ್ನದೊಳಗೆ ಏನಾದರೂ ಹೊಟ್ಟೆಗೆ ಹೋಗದಿದ್ದರೆ ಅಪಾಯ, ಅಡ್ಮಿಟ್ ಮಾಡಿ ಎಂದರು. ಆಸ್ಪತ್ರೆ ಎಂಬ ಮಾತು ಕೇಳುತ್ತಲೇ ರೇವಣಸಿದ್ದಪ್ಪನವರು ಗೋಡೆಯ ಕಡೆ ತಿರುಗಿ ಮಲಗಿದರು. ಮೇಲೆ ಹೋಗಿ ನೋಡಿದೆ. ಆಗಲೇ ಹಣೆಯಲ್ಲಿ ಬೆವರು ಮೂಡಿತ್ತು.

"ಅಯ್ನೋರ ಅಡ್ರೆಸ್ ಕೊಡಿ ರಾಜಕ್ಕ" ಎಂದೆ.

"ನೀನು ಹೋಗ್ತೀಯಾ?" ಎಂದರು. ಅವರು ಕೇಳಿದ್ದು ದೂರದ ಬಗ್ಗೆಯಲ್ಲ. ನನಗದು ಗೊತ್ತಾಯಿತು.

"ನಮ್ಮೋರು ಹಿಂದೆ ಒಬ್ರು ಹಿಂಗೇ ಹೋಗಿದ್ರು" ಎಂದಷ್ಟೇ ಹೇಳಿ ಕೆಳಗಿಳಿದು ಸ್ಕೂಟರ್ ತೆಗೆದೆ.

ಮಾಗಡಿ ರಸ್ತೆಯ ಮಧ್ಯಾಹ್ನದ ಟ್ರಾಫಿಕ್ಕಿನಲ್ಲಿ ಸ್ಕೂಟರ್ ಆಮೆಯಂತೆ ಸಾಗುತ್ತಿತ್ತು. ನನಗೆ ಲೀಸಮ್ಮನ ನೆನಪಾಗುತ್ತಿತ್ತು. ಅವಳನ್ನು ನಾನು ಕಂಡವಳಲ್ಲ, ಅವಳದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ಆದರೆ ಅಜ್ಜಿ ಓದಿದ್ದು ಅವಳಿಂದ, ಅಜ್ಜಿಯಿಂದ ಅಮ್ಮ, ಅಮ್ಮನಿಂದ ನಾನು. ನನ್ನ ಕೈಯಲ್ಲಿ ಅಆಇಈ ಕಲಿತ ಸಾವಿರಾರು ಮಕ್ಕಳೂ ಒಂದು ಲೆಕ್ಕದಲ್ಲಿ ಅವಳವೇ. ಇಷ್ಟಾದರೂ ಅವಳು ಮಾಡಿದ ಅತಿ ದೊಡ್ಡ ಕೆಲಸವನ್ನು ನಾನು ಮುಚ್ಚಿಟ್ಟಿದ್ದೆ.

ಸುಂಕದಕಟ್ಟೆಯ ಒಂದು ಸಣ್ಣ ಗಲ್ಲಿಯಲ್ಲಿ ಅಯ್ನೋರು ಸಿಕ್ಕರು. ಎಪ್ಪತ್ತರ ಆಸುಪಾಸು, ಕಾವಿ ರುಮಾಲು, ಹಣೆ ತುಂಬ ವಿಭೂತಿ. ವಿಷಯ ಕೇಳಿ, "ನೀವು ಅವ್ರಿಗೆ ಏನಾಗ್ಬೇಕಮ್ಮ?" ಎಂದರು.

"ಬಾಡಿಗೆಗೆ ಇದೀನಿ ಸ್ವಾಮಿ. ಕ್ರಿಶ್ಚಿಯನ್ನು" ಎಂದೆ. ಬೀದಿಯಲ್ಲಿ ನಿಂತು ಇದನ್ನು ಇಷ್ಟು ಜೋರಾಗಿ ಹೇಳಿದ್ದು ಬಹುಶಃ ಅದೇ ಮೊದಲು.

ಅಯ್ನೋರು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಒಳಗೆ ಹೋಗಿ ಜೋಳಿಗೆ ತಂದರು. ಆಟೋ ಸಿಗಲಿಲ್ಲ. ರುಮಾಲು ಬಿಚ್ಚಿ ಜೋಳಿಗೆಯಲ್ಲಿಟ್ಟು, ಡಿಕ್ಕಿಯಲ್ಲಿದ್ದ ಆನಂದ್ ಅವರ ಹಳೆಯ ಹೆಲ್ಮೆಟ್ ಹಾಕಿಕೊಂಡು ನನ್ನ ಸ್ಕೂಟರಿನ ಹಿಂದೆ ಕೂತರು. "ನಿಧಾನ ತಾಯಿ, ನಂಗೂ ಮಕ್ಳುಮರಿ ಇದಾರೆ" ಎಂದರು. ಸಿಗ್ನಲ್ಲಿನಲ್ಲಿ ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು.

ಕೆಲಸ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಅಯ್ನೋರು ಮೇಲೆ ಹೋಗಿ, ಮಡಿಯಾಗಿ, ಹೊಸ ಲಿಂಗವನ್ನು ಅಂಗೈಯಲ್ಲಿ ಹಿಡಿದು ಮಂಚದ ಹತ್ತಿರ ನಿಂತರೆ, ರೇವಣಸಿದ್ದಪ್ಪನವರು ಕೈ ಮುಗಿದರು.

"ಕ್ಷಮ್ಸಿ ಅಯ್ನೋರೆ. ಅದು ನಮ್ಮ ಗುರುಗಳು ಕೊಟ್ಟಿದ್ದು. ಅರವತ್ತೆಂಟು ವರ್ಷ ನನ್ನ ಉಸಿರು ತಾಗಿದ್ದು ಅದಕ್ಕೆ. ಅದು ಹೋಯ್ತು ಅಂದ್ರೆ ನಾನೂ ಹೋದಂಗೆ. ಇನ್ನೊಂದು ಬೇಡ."

"ಹಾಗನ್ಬಾರ್ದು, ಶಾಸ್ತ್ರದಲ್ಲಿ ದಾರಿ ಇದೆ" ಎಂದು ಅಯ್ನೋರು ವಿವರಿಸಿದರು. ರಾಜಕ್ಕ ಅತ್ತರು. ಕಲ್ಮೇಶ್ ಫೋನಿನಲ್ಲಿ ಬೈದ. ಮುದುಕರ ಹಟ ಗೊತ್ತಲ್ಲ. ತುಟಿ ಬಿಳಿಚಿತ್ತು, ಕೈ ನಡುಗುತ್ತಿತ್ತು, ಗಂಟೆ ಎರಡೂವರೆ. ನಾನು ಬಾಗಿಲಲ್ಲಿ ಹೆಲ್ಮೆಟ್ ಹಿಡಿದು ನಿಂತಿದ್ದೆ. ನನ್ನ ನಾಲಿಗೆಯ ತುದಿಯಲ್ಲಿ ಕಥೆಯ ಆ ಅರ್ಧ ಇತ್ತು. ಹೇಳಿದರೆ ಅವರು ಉಂಡಾರು, ಇಲ್ಲವೇ ನನ್ನನ್ನು ಮನೆ ಬಿಡಿ ಎಂದಾರು. ಅರವತ್ತೊಂದನೆಯ ವಯಸ್ಸಿನಲ್ಲಿ ಎಸ್ತರ್ ಎಂಬ ಹೆಸರಿಟ್ಟುಕೊಂಡು ಮತ್ತೆ ಮನೆ ಹುಡುಕುವುದು ಯಾರಿಗೂ ಬೇಡ. ನನಗೆ ನಿಜವಾಗಿಯೂ ಭಯವಾಯಿತು. ಆದರೆ ಅವರ ತುಟಿ ನೋಡಲು ಆಗುತ್ತಿರಲಿಲ್ಲ.

"ಸಾರ್, ಒಂದು ವಿಷ್ಯ ಹೇಳ್ಬೇಕು" ಎಂದೆ. "ನಮ್ಮಜ್ಜಿ ಮುತ್ತವ್ವ ಹುಟ್ಟಿದ್ದು ಲಿಂಗಾಯಿತರ ಮನೇಲಿ."

ರೇವಣಸಿದ್ದಪ್ಪನವರು ನಿಧಾನವಾಗಿ ನನ್ನ ಕಡೆ ತಿರುಗಿದರು.

"ಜ್ವರದ ವರ್ಷ ಅಪ್ಪ ಅಮ್ಮ ಹೋದ್ರು. ಮಿಷನ್‌ನ ಲೀಸಮ್ಮ ಅಂತ ಒಬ್ರು ಅವಳನ್ನ ಎತ್ಕೊಂಡು ಹೋದ್ರು. ಜ್ವರ ಇಳೀತು. ಆದ್ರೆ ಹುಡ್ಗಿ ಬಾಯಿ ಬಿಡ್ಲಿಲ್ಲ. ಗಂಜಿ ಕೊಟ್ರೆ ಉಗೀತಿದ್ಲು. ಎರಡು ದಿನ ಆದ್ಮೇಲೆ ಲೀಸಮ್ಮಂಗೆ ಗೊತ್ತಾಯ್ತು, ಆ ಗಲಾಟೇಲಿ ಮಗು ಕುತ್ಗೇಲಿದ್ದ ಲಿಂಗ ಎಲ್ಲೋ ಕಳ್ದುಹೋಗಿದೆ. ಲಿಂಗ ಇಲ್ದೆ ಉಣ್ಬಾರ್ದು ಅಂತ ಅವ್ವ ಹೇಳಿಕೊಟ್ಟಿದ್ಲಂತೆ. ಏಳು ವರ್ಷದ್ದು ಸಾರ್. ಸಾಯಕ್ಕೆ ಬಿದ್ದಿತ್ತು, ಆದ್ರೂ ಅವ್ವನ ಮಾತು ಬಿಡ್ಲಿಲ್ಲ."

ರಾಜಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಆಗ ಲೀಸಮ್ಮ ಏನು ಮಾಡಿದ್ರು?" ಎಂದು ಕೇಳಿದ್ದು ಅಯ್ನೋರು.

"ಮಠಕ್ಕೆ ನಡ್ಕೊಂಡು ಹೋದ್ರು. ಹತ್ತು ಮೈಲಿ. ಅವ್ರ ಜೊತೆಯೋರು ಬೇಡ ಅಂದ್ರಂತೆ, ನೀನು ಬಂದಿರೋದು ಲಿಂಗ ಕೊಡಕ್ಕಾ ಅಂತ ಬೈದ್ರಂತೆ. ಮಗು ಬದುಕ್ಲಿ, ಆಮೇಲೆ ದೇವರ ಹತ್ರ ನಾನು ಮಾತಾಡ್ಕೋತೀನಿ ಅಂದ್ರಂತೆ ಲೀಸಮ್ಮ. ಮಠದ ಮೆಟ್ಟಿಲ ಕೆಳಗೆ ಬಿಸಿಲಲ್ಲಿ ನಿಂತು ಸ್ವಾಮಿಗಳನ್ನ ಕೇಳಿದ್ರು, ನಿಮ್ಮ ಮಗು ಒಂದು ನನ್ನ ಹತ್ರ ಇದೆ, ಲಿಂಗ ಇಲ್ದೆ ಉಣ್ತಾ ಇಲ್ಲ, ಬನ್ನಿ ಅಂತ. ಸ್ವಾಮಿಗಳು ಆ ಜ್ವರದ ಊರಿಗೆ ಅವ್ರ ಹಿಂದೇನೆ ನಡ್ಕೊಂಡು ಬಂದ್ರು. ಅಲ್ಲೂ ಹುಡ್ಗಿ ನಿಮ್ಮ ಹಂಗೇನೇ ಹಟ ಮಾಡಿದ್ಲು, ನಮ್ಮವ್ವ ಕಟ್ಟಿದ್ದೇ ಬೇಕು ಅಂತ."

"ಸ್ವಾಮಿಗಳು ಏನಂದ್ರು?" ರೇವಣಸಿದ್ದಪ್ಪನವರ ದನಿ ಒಣಗಿತ್ತು.

"ಮಗಳೆ, ನೀನು ಕಳ್ಕೊಂಡೆ ಅಂತ ಶಿವ ನಿನ್ನ ಕಳ್ಕೊಳ್ಳಲಿಲ್ಲ. ಹುಡುಕ್ಕೊಂಡು ಇಲ್ಲಿ ತನಕ ಬಂದಿದಾನೆ, ಯಾರ ಕಾಲಲ್ಲಿ ನಡ್ಕೊಂಡು ಬಂದ ಅಂತ ನೋಡು ಅಂದು ಲೀಸಮ್ಮನ ಕಾಲು ತೋರಿಸಿದ್ರಂತೆ. ಬೊಬ್ಬೆ ಒಡೆದು ರಕ್ತ ಬರ್ತಿತ್ತಂತೆ. ಅಜ್ಜಿ ಅದನ್ನ ನೋಡಿ ಕುತ್ತಿಗೆ ಕೊಟ್ಲು. ಆಮೇಲೆ ಬಾಯಿ ಬಿಟ್ಲು."

ನಾನು ಹೇಳಿ ಮುಗಿಸಿದೆ ಎಂದುಕೊಂಡೆ. ರೇವಣಸಿದ್ದಪ್ಪನವರು ಬಿಡಲಿಲ್ಲ. ನನ್ನನ್ನೇ ದಿಟ್ಟಿಸಿ ಕೇಳಿದರು. "ಅಷ್ಟೆಲ್ಲಾ ಆದ್ಮೇಲೆ ಅವಳು ನಿಮ್ಮ ಕಡೆ ಯಾಕೆ ಹೋದ್ಲು ಟೀಚರ್?"

ಇದೇ ನನಗಿದ್ದ ಭಯ. ಆದರೆ ಅರ್ಧ ಉತ್ತರದ ಕಾಲ ಮುಗಿದಿತ್ತು.

"ಲೀಸಮ್ಮ ಕರೀಲಿಲ್ಲ ಸಾರ್. ಹನ್ನೆರಡು ವರ್ಷ ಮುತ್ತವ್ವ ಅಲ್ಲೇ ಲಿಂಗಪೂಜೆ ಮಾಡ್ಕೊಂಡೇ ಬೆಳೆದ್ಲು. ಹತ್ತೊಂಬತ್ತಾದಾಗ ಅವಳೇ ಕೇಳಿದ್ಲಂತೆ, ನನ್ನ ದೇವರನ್ನ ನಂಗೆ ತಂದುಕೊಡಕ್ಕೆ ನಿಮ್ಮ ಕಾಲು ಒಡ್ಕೊಂಡ್ರಲ್ಲ, ಹಂಗೆ ನಡೆಯೋಕೆ ನಿಮಗೆ ಹೇಳಿಕೊಟ್ಟ ದೇವರು ಯಾರು ಅಂತ. ಅವತ್ತು ಲೀಸಮ್ಮ ಏಸುವಿನ ವಿಷ್ಯ ಹೇಳಿದ್ರು. ಕೇಳಿದ್ಮೇಲೆ ಹೇಳಿದ್ರು."

"ಆ ಲಿಂಗ?"

"ಅಜ್ಜಿನೇ ಮಠಕ್ಕೆ ಹೋಗಿ ಸ್ವಾಮಿಗಳ ಕೈಗೆ ಒಪ್ಪಿಸಿದ್ಲು. ಅವ್ರ ಕಣ್ಣಲ್ಲಿ ನೀರಿತ್ತಂತೆ. ಕೊನೆಗೆ, ಊಟ ಮಾಡಿದ್ಯಾ ಮಗಳೆ ಅಂತ ಕೇಳಿ, ದಾಸೋಹದಲ್ಲಿ ಕೂರಿಸಿ ಬಡಿಸಿದ್ರಂತೆ."

ರೇವಣಸಿದ್ದಪ್ಪನವರು ಕಣ್ಣು ಮುಚ್ಚಿದರು. ಹೊರಗೆ ಯಾರದೋ ಪ್ರೆಷರ್ ಕುಕ್ಕರ್ ಕೂಗಿತು.

"ಬಡಿಸಿದ್ರಾ" ಎಂದರು. "ಹಾಗಾದ್ರೆ ನಮ್ಮೋರೂ ಪರವಾಗಿಲ್ಲ." ಆಮೇಲೆ ಅಯ್ನೋರ ಕಡೆ ತಿರುಗಿ, "ನೀವು ಹೆಂಗೆ ಬಂದ್ರಿ ಇಲ್ಲಿ ತನಕ?" ಎಂದು ಕೇಳಿದರು.

"ಈ ತಾಯಿ ಸ್ಕೂಟರ್‌ನಲ್ಲಿ" ಎಂದರು ಅಯ್ನೋರು. "ಎರಡು ಹಂಪ್ ಹಾರಿಸಿದ್ರು."

ಮಂಚದ ಮೇಲಿನ ಮುದುಕರು ನಕ್ಕರು, ನಗುತ್ತಲೇ ಅತ್ತರು. ಹೆಂಡತಿಯ ಕೈ ಹಿಡಿದು ಎದ್ದು ಕೂತು, ಅಯ್ನೋರ ಮುಂದೆ ತಲೆ ಬಾಗಿಸಿದರು. ಲಿಂಗ ಕಟ್ಟಿ, ಕಿವಿಯಲ್ಲಿ ಮಂತ್ರ ಹೇಳಿ, ಪೂಜೆ ಮುಗಿಸುವಾಗ ನಾನು ಹೊರಗಿನ ಮೆಟ್ಟಿಲಲ್ಲಿ ಕೂತು ನನ್ನ ದೇವರ ಹತ್ತಿರ ಮಾತಾಡಿದೆ. ಲೀಸಮ್ಮನ ಹೆಸರು ಹೇಳಿ ಕೃತಜ್ಞತೆ ಸಲ್ಲಿಸಿದೆ. ಸಾಕ್ಷಿ ಹೇಳುವಾಗ ಬರದ ಅಳು ಅಲ್ಲಿ ಬಂತು.

ರಾಜಕ್ಕ ಗಂಜಿ ತಂದರು. "ನೀನೇ ಕುಡಿಸು ಎಸ್ತರ್" ಎಂದು ಬಟ್ಟಲನ್ನು ನನ್ನ ಕೈಗಿಟ್ಟರು. ನಾನು ರೇವಣಸಿದ್ದಪ್ಪನವರ ಮುಖ ನೋಡಿದೆ. ಅವರು ಬಾಯಿ ತೆರೆದರು.

ಸಂಜೆ ಸ್ವಲ್ಪ ಚೇತರಿಸಿಕೊಂಡ ಮೇಲೆ ನನ್ನನ್ನು ಕರೆಸಿ, "ಹತ್ತೊಂಬತ್ತು ವರ್ಷ ಕೆಳಗಡೆನೇ ಇದ್ರಿ. ಇದನ್ನ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದರು.

"ನಾಣಿ ಬೇಡ ಅಂದಿದ್ದ ಸಾರ್."

"ನಾಣಿ ಸತ್ತು ಆರು ವರ್ಷ ಆಯ್ತಲ್ರೀ."

ಲಿಂಗವಿದ್ದ ಆ ಡಬ್ಬಿ ಇವತ್ತಿನವರೆಗೂ ಸಿಕ್ಕಿಲ್ಲ. ಇಡ್ಲಿಯ ಡಬ್ಬಿಯನ್ನು ರಾಜಕ್ಕ ತೊಳೆದು ಹಾಗೇ ಇಟ್ಟಿದ್ದಾರೆ, ಅದರ ಯಜಮಾನರು ಬಂದರೆ ಕೊಡಬೇಕಂತೆ.

ಆಮೇಲೆ ಎಷ್ಟೋ ಸಂಜೆ ರೇವಣಸಿದ್ದಪ್ಪನವರು ಏಸುವಿನ ಬಗ್ಗೆ ಕೇಳಿದ್ದಾರೆ, ನಾನು ಹೇಳಿದ್ದೇನೆ. ಅವರು ತಮ್ಮ ಶರಣರ ಬಗ್ಗೆ ಹೇಳಿದ್ದಾರೆ, ನಾನು ಕೇಳಿದ್ದೇನೆ. ಅವರು ಕ್ರಿಶ್ಚಿಯನ್ ಆದರೇ ಎಂದು ಚರ್ಚಿನಲ್ಲಿ ಒಬ್ಬರು ಕೇಳಿದರು. ಆಗಿಲ್ಲ. ನಾನು ಅವರಿಗಾಗಿ ಏನು ಪ್ರಾರ್ಥಿಸುತ್ತೇನೆ ಎನ್ನುವುದು ನನಗೂ ದೇವರಿಗೂ ಬಿಟ್ಟ ವಿಷಯ. ನವೆಂಬರಿನ ಮಿಷನ್ ಭಾನುವಾರ ನಾನು ಎದ್ದು ನಿಂತು ಕಥೆಯನ್ನು ಪೂರ್ತಿ ಹೇಳಿದೆ, ಮಠ, ಮೆಟ್ಟಿಲು, ಬೊಬ್ಬೆ, ದಾಸೋಹ, ಒಂದೂ ಬಿಡದೆ. ಇಪ್ಪತ್ತು ನಿಮಿಷವಾಯಿತು. ಪಾಸ್ಟರ್ ಈ ಸಲ ತಲೆಯಾಡಿಸಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ಕೆಲವರು ಮುಖ ಗಂಟಿಕ್ಕಿದರು. ಅವರು ಮುಂದಿನ ವರ್ಷದವರೆಗೆ ಯೋಚಿಸಲಿ.

ಡಿಸೆಂಬರಿನಲ್ಲಿ ಎಂದಿನಂತೆ ಮೊಟ್ಟೆಯಿಲ್ಲದ ಕೇಕ್ ಮಾಡಿ ಮೇಲೆ ಕೊಟ್ಟು ಬಂದೆ. ರಾಜಕ್ಕ "ಇಷ್ಟೊಂದು ಯಾಕೆ" ಎಂದರು. ನಾನೂ ಎಂದಿನಂತೆ ನಕ್ಕು ಕೆಳಗಿಳಿದೆ.

ಮರುದಿನ ಬೆಳಿಗ್ಗೆ ರಾಮಕ್ಕ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಕುಕ್ಕುತ್ತಿದ್ದಳು. "ಯಾಕೆ ರಾಮಕ್ಕ, ಏನಾಯ್ತು?" ಎಂದು ಕೇಳಿದೆ.

"ಏನಿಲ್ಲ ಬುಡಿ ಟೀಚರ್" ಎಂದಳು, ಮುಖ ಊದಿಸಿಕೊಂಡು. "ಈ ಸಲ ಮೇಲ್ಗಡೆಯಿಂದ ಬರೀ ಖಾಲಿ ತಟ್ಟೆ ಬಂತು."